ಎರೆ ಹೊಲದ ಬಂಡಿದಾರಿ: ಹೊರಡುವ ಮೊದಲಿನ ಲೆಕ್ಕ, ಹೊರಟ ಮೇಲಿನ ಪಾಡು

ಜೀಪು ಕೊಂಡ ಹೊಸದರಲ್ಲಿ ನನಗೆ ಜೈಸಲ್ಮೇರ್ ಹುಚ್ಚು ಹಿಡಿದಿತ್ತು. ಥಾರ್ ಮರುಭೂಮಿಯಲ್ಲಿ ಗಾಡಿ ಓಡಿಸಿ ಬಂದಿದ್ದ ಗೆಳೆಯನೊಬ್ಬ ಫೋಟೊ ತೋರಿಸಿ ತೋರಿಸಿ ತಲೆ ಕೆಡಿಸಿದ್ದ. ಲೆಕ್ಕ ಹಾಕಿ ನೋಡಿದರೆ ಕಲಬುರಗಿಯಿಂದ ಅಲ್ಲಿಗೆ ಸುಮಾರು ಒಂದೂವರೆ ಸಾವಿರ ಕಿಲೋಮೀಟರ್. ಹೋಗಲು ಮೂರು ದಿನ, ಬರಲು ಮೂರು ದಿನ. ನನಗಿದ್ದ ರಜೆ ಐದೇ ದಿನ. ಆ ವಾರವೇ ಶಹಾಬಾದ್ ಕಡೆಯ ಹಳ್ಳಿಯೊಂದಕ್ಕೆ ಮದುವೆಗೆ ಹೊರಟವನು ಅಡ್ಡದಾರಿ ಹಿಡಿದೆ. ಎರಡು ಗಂಟೆ ಹೊತ್ತು ಒಂದು ಗಾಡಿಯೂ ಎದುರಾಗಲಿಲ್ಲ. ಕಣ್ಣು ಹಾಯುವವರೆಗೆ ಬಿರುಕು ಬಿಟ್ಟ ಕರಿ ನೆಲ, ನೆರಳಿಗೆ ಒಂದು ಬೇವಿನ ಮರವೂ ಇಲ್ಲ, ಮೊಬೈಲಿನಲ್ಲಿ ಸಿಗ್ನಲ್ ಇಲ್ಲ. ಇಷ್ಟಕ್ಕಾಗಿ ರಾಜಸ್ಥಾನಕ್ಕೆ ಹೋಗಬೇಕೇ ಎನಿಸಿತು.

ಹಾಗೆ ಹುಟ್ಟಿದ ಯೋಜನೆ ಇದು. ಕಲಬುರಗಿಯಿಂದ ಹೊರಟು ಶಹಾಬಾದ್ ಬಳಸಿ ಸನ್ನತಿ, ಅಲ್ಲಿ ಭೀಮಾ ದಾಟಿ ಶಹಾಪುರ, ಮುಂದೆ ಸುರಪುರ, ಹುಣಸಗಿ, ಕೊನೆಗೆ ನಾರಾಯಣಪುರದ ಬಸವ ಸಾಗರ ಜಲಾಶಯ. ಡಾಂಬರು ರಸ್ತೆಯನ್ನು ದಾಟಬಹುದು, ಹಿಡಿದು ಹೋಗಬಾರದು ಎಂಬುದು ನಾವೇ ಹಾಕಿಕೊಂಡ ಕಟ್ಟಳೆ. ಮೂರು ದಿನ, ಮೂರು ಜನ: ನಾನು, ನನ್ನ ಹೆಂಡತಿಯ ತಮ್ಮ, ಅವನ ಜೊತೆ ಓದಿದ ಒಬ್ಬ ಶಾಲಾ ಮಾಸ್ತರ.

ಈ ದಾರಿಯ ಸ್ವಾರಸ್ಯವಿರುವುದು ನೆಲದಲ್ಲಿ. ಕಲಬುರಗಿ ಸುತ್ತ ಕಪ್ಪು ಬಸಾಲ್ಟ್ ಕಲ್ಲು, ಅದು ಕರಗಿ ಆದ ಎರೆ ಮಣ್ಣು. ಶಹಾಬಾದ್, ಚಿತ್ತಾಪುರ, ಸೇಡಂ ಕಡೆ ಸುಣ್ಣದ ಕಲ್ಲು. ನಮ್ಮ ಮನೆಗಳ ನೆಲಕ್ಕೆ ಹಾಸುವ ಫರ್ಸಿ ಅಲ್ಲಿ ಹೊಲದಲ್ಲೇ ಪದರು ಪದರಾಗಿ ಮಲಗಿರುತ್ತದೆ. ಭೀಮಾ ದಾಟಿ ಶಹಾಪುರ, ಸುರಪುರದ ಕಡೆ ನಡೆದರೆ ಗ್ರಾನೈಟ್ ಬೆಟ್ಟಗಳು, ಅವುಗಳ ಬುಡದಲ್ಲಿ ಒರಟು ಮರಳು ಬೆರೆತ ಮಸಾರಿ ಮಣ್ಣು. ಮೂರು ನೆಲಕ್ಕೂ ಗಾಡಿ ಓಡಿಸುವ ರೀತಿ ಬೇರೆ, ಗಾಲಿಯ ಗಾಳಿ ಬೇರೆ. ಬೀದರಿನ ಕೆಂಪು ಜಂಬಿಟ್ಟಿಗೆಯ ಬಯಲು ಮತ್ತೊಂದು ಬಗೆ. ಅದನ್ನು ಇನ್ನೊಂದು ವರ್ಷಕ್ಕೆ ಇಟ್ಟುಕೊಂಡೆ. ಚಿಂಚೋಳಿಯ ಕಾಡನ್ನು ಪಟ್ಟಿಗೇ ಸೇರಿಸಲಿಲ್ಲ. ಅದು ವನ್ಯಜೀವಿ ಧಾಮ, ನಮ್ಮ ಆಟದ ಜಾಗವಲ್ಲ.

ದಿನ ಗೊತ್ತು ಮಾಡುವುದರಲ್ಲೇ ಅರ್ಧ ಕೆಲಸ ಮುಗಿಯುತ್ತದೆ. ಮಳೆಗಾಲದಲ್ಲಿ ಎರೆ ಹೊಲಕ್ಕೆ ಇಳಿಯುವ ಮಾತೇ ಇಲ್ಲ. ಸಂಕ್ರಾಂತಿಯ ಹೊತ್ತಿಗೆ ಬಿಳಿಜೋಳ, ಕಡಲೆ ಇನ್ನೂ ಹೊಲದಲ್ಲಿರುತ್ತವೆ. ಬೆಳೆ ನಿಂತ ಹೊಲದ ಬದುವಿನ ಮೇಲೆ ಜೀಪು ಹತ್ತಿಸುವವನಿಗೆ ಬಡಿಗೆಯ ಏಟು ಬಿದ್ದರೂ ನಾನು ರೈತನ ಪರ. ಏಪ್ರಿಲ್ ಕೊನೆಗೆ ಬಿಸಿಲು 42 ಡಿಗ್ರಿ ದಾಟುತ್ತದೆ. ಉಳಿಯುವುದು ಹೋಳಿ ಹುಣ್ಣಿಮೆಯ ಆಚೀಚಿನ ಎರಡು ಮೂರು ವಾರ. ರಾಶಿ ಮುಗಿದಿರುತ್ತದೆ, ಕಣ ಖಾಲಿಯಾಗಿರುತ್ತದೆ, ನೆಲ ಕಲ್ಲಿನಂತೆ ಗಟ್ಟಿಯಾಗಿರುತ್ತದೆ. ಒಂದು ಅಡ್ಡಮಳೆಯ ಭಯ ಮಾತ್ರ ಇರುತ್ತದೆ. ಆ ಭಯವನ್ನು ಕಾಗದದ ಮೇಲೆ ಬರೆದುಕೊಂಡಿದ್ದೆ; ಮನಸ್ಸಿಗೆ ತಂದುಕೊಂಡಿರಲಿಲ್ಲ.

ದಾರಿ ಹುಡುಕಲು ಮೂರು ನಕಾಶೆಗಳನ್ನು ಒಂದರ ಪಕ್ಕ ಒಂದು ಇಟ್ಟುಕೊಂಡೆ. ಮೊದಲನೆಯದು ಸರ್ವೆ ಆಫ್ ಇಂಡಿಯಾದ 1:50,000 ಅಳತೆಯ ಹಾಳೆ. 2017ರಿಂದ ಇದನ್ನು ಉಚಿತವಾಗಿ ಇಳಿಸಿಕೊಳ್ಳಬಹುದು. ಒಂದು ಸೆಂಟಿಮೀಟರ್ ಎಂದರೆ ನೆಲದ ಮೇಲೆ ಅರ್ಧ ಕಿಲೋಮೀಟರ್. ಹಳ್ಳ ಎಲ್ಲಿ ಹರಿಯುತ್ತದೆ, ದಿಬ್ಬ ಎಲ್ಲಿ ಏರುತ್ತದೆ ಎಂಬುದನ್ನು ಇದರಷ್ಟು ಚೆನ್ನಾಗಿ ಹೇಳುವುದು ಬೇರೆ ಇಲ್ಲ. ಎರಡನೆಯದು ಕಂದಾಯ ಇಲಾಖೆಯ ಗ್ರಾಮ ನಕಾಶೆ. ಸರ್ವೆ ನಂಬರುಗಳ ನಡುವೆ ಬಂಡಿದಾರಿ ಜೋಡಿ ತುಂಡುಗೆರೆಗಳಲ್ಲಿ, ಕಾಲುದಾರಿ ಒಂಟಿ ತುಂಡುಗೆರೆಯಲ್ಲಿ ಇರುತ್ತದೆ. ನಕಾಶೆಯಲ್ಲಿ ಕಂಡ ಬಂಡಿದಾರಿಯಲ್ಲಿ ಹೋದರೆ ಯಾರ ಹೊಲವನ್ನೂ ತುಳಿದಂತಾಗುವುದಿಲ್ಲ. ಮಾತಿಗೆ ಮಾತು ಬೆಳೆದಾಗ ಇದು ದೊಡ್ಡ ಆಸರೆ. ನಿಂತ ಜಾಗದ ಸರ್ವೆ ನಂಬರ್ ತಿಳಿಯಲು ಮೊಬೈಲಿನಲ್ಲಿ ದಿಶಾಂಕ್ ಆ್ಯಪ್ ಇಟ್ಟುಕೊಂಡಿದ್ದೆ. ಮೂರನೆಯದು ಉಪಗ್ರಹ ಚಿತ್ರ. ನಕಾಶೆಯ ದಾರಿ ಇಂದಿಗೂ ಉಳಿದಿದೆಯೇ ಅಥವಾ ಯಾರಾದರೂ ಉತ್ತು ಹೊಲಕ್ಕೆ ಸೇರಿಸಿಕೊಂಡಿದ್ದಾರೆಯೇ ಎಂಬುದು ಇದರಲ್ಲಿ ಗೊತ್ತಾಗುತ್ತದೆ. ನಾನು ಗುರುತಿಸಿದ ಹನ್ನೊಂದು ತುಂಡು ದಾರಿಗಳಲ್ಲಿ ನಾಲ್ಕು ನೇಗಿಲ ಪಾಲಾಗಿದ್ದವು.

ಇಷ್ಟಾದ ಮೇಲೆ ಒಂದು ಭಾನುವಾರ ಬೈಕಿನಲ್ಲಿ ಹೋಗಿ ಕೇಳಿಕೊಂಡು ಬಂದೆ. ಕೇಳುವುದರಲ್ಲಿ ಒಂದು ಜಾಣತನ ಬೇಕು. ‘ಈ ದಾರಿಯಲ್ಲಿ ಗಾಡಿ ಹೋಗುತ್ತದೆಯೇ’ ಎಂದರೆ ನಮ್ಮ ಕಡೆ ಯಾರೂ ಇಲ್ಲ ಎನ್ನುವುದಿಲ್ಲ. ಬಂದವನ ಮನಸ್ಸು ನೋಯಿಸಬಾರದಲ್ಲ. ಅದಕ್ಕೇ ಕೇಳುವ ಬಗೆ ಬದಲಿಸಿದೆ: ‘ಈ ದಾರಿಯಲ್ಲಿ ಕಡೆಯ ಟ್ರ್ಯಾಕ್ಟರ್ ಯಾರದು ಹೋಯಿತು, ಯಾವಾಗ?’ ಹೆಸರೂ ದಿನವೂ ಬಂದರೆ ದಾರಿ ಇದೆ. ತಲೆ ಕೆರೆದುಕೊಂಡರೆ ಇಲ್ಲ. ಸನ್ನತಿಯ ಈಚೆಗಿನ ಹಳ್ಳಿಯಲ್ಲಿ ಅಗಸಿ ಕಟ್ಟೆಯ ಮೇಲೆ ಕುಳಿತಿದ್ದ ಹಿರಿಯರೊಬ್ಬರಿಗೆ ‘ಶರಣು ಕಾಕಾ’ ಎಂದು ಇದನ್ನೇ ಕೇಳಿದೆ. ಅವರು ಟ್ರ್ಯಾಕ್ಟರ್ ಲೆಕ್ಕ ಹೇಳಿ, ಕೇಳದೇ ಇದ್ದ ಇನ್ನೊಂದು ಮಾತನ್ನೂ ಸೇರಿಸಿದರು: ‘ತಮ್ಮಾ, ಹತ್ತಿ ಹೇರಿದ ಟ್ರ್ಯಾಕ್ಟರ್ ಹಸಿಯಲ್ಲಿ ಹೋಗಿದೆ. ಜಾಡು ಮೊಣಕಾಲುದ್ದ ಇದೆ, ನೋಡಿಕೋ.’ ಎರೆ ಮಣ್ಣಿನಲ್ಲಿ ಹಸಿಯಿದ್ದಾಗ ಬಿದ್ದ ಜಾಡು ಒಣಗಿದರೆ ಸಿಮೆಂಟ್ ಕಾಲುವೆಯಂತಾಗುತ್ತದೆ. ಟ್ರ್ಯಾಕ್ಟರಿನ ಹೊಟ್ಟೆ ಎತ್ತರ, ನಮ್ಮದು ತಗ್ಗು. ಗಾಲಿ ಜಾಡಿಗೆ ಇಳಿದರೆ ನಡುವಿನ ದಿಂಡಿನ ಮೇಲೆ ಜೀಪಿನ ಹೊಟ್ಟೆ ಕೂರುತ್ತದೆ. ಆ ತುಂಡನ್ನು ಅಲ್ಲೇ ಕೆಂಪು ಪೆನ್ಸಿಲಿನಲ್ಲಿ ಹೊಡೆದುಹಾಕಿದೆ.

ಡೀಸೆಲ್ ಲೆಕ್ಕ ಸರಳ. ಡಾಂಬರಿನ ಮೇಲೆ ಲೀಟರಿಗೆ ಹನ್ನೊಂದು ಕೊಡುವ ನನ್ನ ಜೀಪು ಕೆಳಗಿನ ಗೇರಿನಲ್ಲಿ ಆರಕ್ಕೆ ಇಳಿಯುತ್ತದೆ. ಆರನ್ನೇ ಹಿಡಿದು ಲೆಕ್ಕ ಹಾಕಿ, ಮೇಲೆ ಒಂದು ಕಬ್ಬಿಣದ ಕ್ಯಾನು. ನೀರು ತಲೆಗೆ ದಿನಕ್ಕೆ ಆರು ಲೀಟರ್, ಎಲ್ಲವೂ ಮನೆಯಿಂದಲೇ. ಯಾದಗಿರಿ ಜಿಲ್ಲೆಯ ಹಲವು ಊರುಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು; ಮೂರು ದಿನ ಕುಡಿದರೆ ಏನೂ ಆಗದು, ಆದರೂ ಇದ್ದಾಗ ಏಕೆ ಕುಡಿಯಬೇಕು? ಬುತ್ತಿಗೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಈರುಳ್ಳಿ. ಖಡಕ್ ರೊಟ್ಟಿಯಷ್ಟು ಪ್ರಯಾಣಕ್ಕೆ ಒಗ್ಗಿದ ಅನ್ನ ಜಗತ್ತಿನಲ್ಲಿ ಇನ್ನೊಂದಿಲ್ಲ ಎಂಬುದು ನನ್ನ ಹಟ.

ಗಾಲಿಯ ವಿಷಯದಲ್ಲಿ ಥಾರ್‌ಗೆ ಹೋಗಿ ಬಂದ ಗೆಳೆಯನ ಪಾಠ ಅರ್ಧ ಮಾತ್ರ ಉಪಯೋಗಕ್ಕೆ ಬಂತು. ಅವನು ಮರಳ ದಿಬ್ಬಗಳಲ್ಲಿ ಗಾಳಿಯನ್ನು 15 ಪಿಎಸ್‌ಐವರೆಗೆ ಇಳಿಸುತ್ತಿದ್ದನಂತೆ. ಗಾಳಿ ಕಡಿಮೆಯಾದರೆ ಟೈರು ಹರಡಿಕೊಂಡು ಮರಳಿನ ಮೇಲೆ ತೇಲುತ್ತದೆ. ಹಳ್ಳದ ಮರಳಿಗೆ ನಾನೂ 32ರಿಂದ 20ಕ್ಕೆ ಇಳಿಸುತ್ತೇನೆ. ಆದರೆ ಫರ್ಸಿಯ ನೆಲದಲ್ಲಿ ಹಾಗೆ ಮಾಡಿದರೆ ಟೈರಿನ ಪಕ್ಕೆ ಉಬ್ಬಿ, ಕಲ್ಲಿನ ಅಂಚಿಗೆ ಸಿಕ್ಕಿ ಸೀಳುತ್ತದೆ. ಅಲ್ಲಿ ಗಾಳಿ ತುಂಬಿಯೇ ಇರಬೇಕು. ಇನ್ನು ನಮ್ಮ ನೆಲಕ್ಕೇ ಮೀಸಲಾದ ಒಂದು ಶತ್ರು ಇದೆ. ತೊಗರಿ ಕೊಯ್ಯುವಾಗ ಕುಡುಗೋಲು ಓರೆಯಾಗಿ ಬೀಳುತ್ತದೆ. ಹೊಲದಲ್ಲಿ ಉಳಿಯುವ ಗೇಣುದ್ದದ ಕೂಳೆ ಒಣಗಿ ಈಟಿಯಾಗುತ್ತದೆ. ಬಳ್ಳಾರಿ ಜಾಲಿಯ ಮುಳ್ಳು ಟೈರಿಗೆ ಚುಚ್ಚಿದರೆ ಗಾಳಿ ನಿಧಾನವಾಗಿ ಸೋರುತ್ತದೆ, ತೊಗರಿ ಕೂಳೆ ಚುಚ್ಚಿದರೆ ಅಲ್ಲೇ ಕೂರಬೇಕು. ಎರಡು ಸ್ಟೆಪ್ನಿ, ಪಂಕ್ಚರ್ ಸಾಮಾನು, ಬ್ಯಾಟರಿಗೆ ಹಚ್ಚುವ ಪಂಪು, ಜೊತೆಗೆ ಒಂದು ಸಲಿಕೆ, ಒಂದು ಕುಡುಗೋಲು.

ಹೊರಡುವ ಹಿಂದಿನ ರಾತ್ರಿ ಹೆಂಡತಿಗೆ ದಾರಿಯ ಚೀಟಿ ಕೊಟ್ಟೆ. ‘ಸಂಜೆ ಏಳಕ್ಕೆ ಫೋನ್ ಮಾಡುತ್ತೇನೆ. ಬರದಿದ್ದರೆ ಒಂಬತ್ತರವರೆಗೆ ಕಾಯಿ’ ಎಂದೆ. ‘ಒಂಬತ್ತಾದ ಮೇಲೆ ಯಾರಿಗೆ ಫೋನ್ ಮಾಡಬೇಕು?’ ಎಂದು ಕೇಳಿದಳು. ಮೂರು ನಕಾಶೆ, ಎರಡು ಸ್ಟೆಪ್ನಿ, ಹದಿನೈದು ದಿನದ ಸಿದ್ಧತೆಯಲ್ಲಿ ಈ ಪ್ರಶ್ನೆಗೆ ಉತ್ತರವಿರಲಿಲ್ಲ. ರಾತ್ರಿಯೇ ಆ ಹಳ್ಳಿಯ ಕಾಕಾರಿಗೆ ಫೋನ್ ಮಾಡಿ, ಅವರ ಮಗನ ನಂಬರ್ ಪಡೆದೆ. ಅವನದೇ ಟ್ರ್ಯಾಕ್ಟರ್. ದಾರಿಯುದ್ದಕ್ಕೂ ಇಂಥ ಮೂವರ ನಂಬರ್ ಚೀಟಿಯ ಬೆನ್ನಿಗೆ ಬರೆದಾಗ ಮಲಗುವ ಹೊತ್ತು ಮೀರಿತ್ತು.

ಪ್ರತಿ ದಿನದ ದಾರಿಯಲ್ಲೂ ಒಂದು ‘ಹಿಂದಿರುಗುವ ಜಾಗ’ ಗೊತ್ತು ಮಾಡಿದ್ದೆವು. ಮೊದಲ ದಿನದ್ದು ಸನ್ನತಿಗೆ ಒಂಬತ್ತು ಕಿಲೋಮೀಟರ್ ಈಚೆ, ಒಂದು ಹಳ್ಳದ ದಂಡೆ. ಮಧ್ಯಾಹ್ನ ಮೂರರ ಒಳಗೆ ಅದನ್ನು ದಾಟದಿದ್ದರೆ, ಅಥವಾ ಮೋಡ ಕಂಡರೆ, ಗಾಡಿ ತಿರುಗಿಸಿ ಡಾಂಬರಿಗೆ ಹೋಗಬೇಕು. ಮೂರೂವರೆಗೆ ಅಲ್ಲಿಗೆ ಮುಟ್ಟಿದೆವು. ಪಡುವಣದಲ್ಲಿ ಮೋಡ ಮಸಿ ಬಳಿದಂತಿತ್ತು. ಮಾಸ್ತರ ಹಿಂದಿರುಗೋಣ ಎಂದ. ‘ಒಂಬತ್ತೇ ಕಿಲೋಮೀಟರ್, ಭಾವ’ ಎಂದ ನನ್ನ ಭಾವಮೈದುನ. ಸ್ಟೇರಿಂಗ್ ನನ್ನ ಕೈಯಲ್ಲಿತ್ತು, ತಪ್ಪೂ ನನ್ನದೇ.

ಮಳೆ ಇಪ್ಪತ್ತು ನಿಮಿಷ ಬಿದ್ದಿರಬಹುದು, ಜೊತೆಗೆ ಒಂದಿಷ್ಟು ಆಲಿಕಲ್ಲು. ಎರೆ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಅಂಟುತ್ತದೆ. ಮೊದಲು ಗಾಲಿ ಜಾರಿತು. ಆಮೇಲೆ ಜಾರುವುದೂ ನಿಂತಿತು. ಮಣ್ಣು ಟೈರಿಗೆ ಸುತ್ತಿ ಸುತ್ತಿ ಹುಗ್ಗಿಯ ಹಂಡೆಯಷ್ಟು ದಪ್ಪವಾಗಿ ಮಡ್‌ಗಾರ್ಡಿಗೆ ಒತ್ತಿಕೊಂಡಿತು. ಎಂಜಿನ್ ನರಳುತ್ತಿದೆ, ಗಾಲಿ ತಿರುಗುತ್ತಿಲ್ಲ. ನಾಲ್ಕೂ ಗಾಲಿಗೆ ಶಕ್ತಿಯಿದ್ದರೇನು, ನಾಲ್ಕೂ ನಿಂತವು. ಇಳಿದರೆ ಚಪ್ಪಲಿಗೆ ಒಂದೊಂದು ಸೇರು ಮಣ್ಣು. ಕುಡುಗೋಲಿನಿಂದ ಕೆರೆದು ಹತ್ತು ಮಾರು ಹೋಗುವುದು, ಮತ್ತೆ ತುಂಬಿಕೊಳ್ಳುವುದು. ಕತ್ತಲಾಗುವ ಹೊತ್ತಿಗೆ ನಲವತ್ತು ಮಾರು ಸಾಗಿ, ಮೂವರೂ ಮಣ್ಣಿನ ಬಸವಣ್ಣಗಳಂತಾಗಿ ಕುಳಿತೆವು. ಸಿಗ್ನಲ್ ಇರಲಿಲ್ಲ.

ಹತ್ತೂವರೆ ಸುಮಾರಿಗೆ ದೂರದಲ್ಲಿ ಬ್ಯಾಟರಿ ಬೆಳಕು ಅಲ್ಲಾಡುತ್ತ ಬಂತು. ಕಾಕಾರ ಮಗ. ನಡೆದೇ ಬಂದಿದ್ದ, ಬರಿಗಾಲಲ್ಲಿ, ಚಪ್ಪಲಿ ಕಂಕುಳಲ್ಲಿ. ‘ಅಕ್ಕನವರು ಫೋನ್ ಮಾಡಿದ್ದರು’ ಎಂದು ಪಂಚೆಯ ಗಂಟು ಬಿಚ್ಚಿ ರೊಟ್ಟಿ, ಪುಂಡಿಪಲ್ಯ ಮುಂದಿಟ್ಟ. ಟ್ರ್ಯಾಕ್ಟರ್ ಎಲ್ಲಿ ಎಂದು ಭಾವಮೈದುನ ಕೇಳಿದ. ‘ತಂದರೆ ನಾಳೆ ಎರಡು ಗಾಡಿ ಎಳೆಯಬೇಕಾಗುತ್ತದೆ, ಅಣ್ಣಾ. ಈ ನೆಲಕ್ಕೆ ಬಿಸಿಲೇ ಟ್ರ್ಯಾಕ್ಟರ್’ ಎಂದ. ಹೊರಗೆ ಏನನ್ನೂ ಮುಟ್ಟಬೇಡಿ, ಗಾಲಿ ತಿರುಗಿಸಿದಷ್ಟೂ ಕೆಸರು ಕಲೆಸುತ್ತದೆ, ಸುಮ್ಮನೆ ಬಿಟ್ಟರೆ ಮೇಲೆ ಹೊಪ್ಪಳೆ ಕಟ್ಟುತ್ತದೆ ಎಂದು ಹೇಳಿ ನಮ್ಮ ಜೊತೆಗೇ ಮಲಗಿದ.

ಮರುದಿನ ಹನ್ನೊಂದರವರೆಗೆ ಕಾದೆವು. ಅವನು ಆಗಾಗ ಹಿಮ್ಮಡಿಯಿಂದ ನೆಲ ಒತ್ತಿ ನೋಡುತ್ತಿದ್ದ. ಹೆಜ್ಜೆಯ ಗುರುತಿನ ಅಂಚು ಕುಸಿಯದೆ ನಿಂತಾಗ ‘ಈಗ’ ಎಂದ. ಪಕ್ಕದ ಕಣದಲ್ಲಿ ಒಟ್ಟಿದ್ದ ತೊಗರಿ ಕಟ್ಟಿಗೆಯನ್ನು ಹೊಲದವರಿಗೆ ಕೂಗಿ ಕೇಳಿ ಎರಡು ಹೊರೆ ತಂದ. ಮಡ್‌ಗಾರ್ಡಿನೊಳಗಿನ ಮಣ್ಣನ್ನು ಕುಡುಗೋಲಿನಿಂದ ಕೆತ್ತಿ ತೆಗೆದೆವು. ಕಟ್ಟಿಗೆಯನ್ನು ಗಾಲಿಯ ಮುಂದೆ ಉದ್ದಕ್ಕೆ ಹಾಕಲು ಹೋದ ನನ್ನನ್ನು ತಡೆದು, ಅಡ್ಡಡ್ಡ ಹಾಸಿದ, ಏಣಿಯ ಮೆಟ್ಟಿಲಿನಂತೆ. ಕೆಳಗಿನ ಗೇರು, ಎಕ್ಸಲರೇಟರ್ ಮುಟ್ಟದೆ, ಕ್ಲಚ್ ಮಾತ್ರ ನಿಧಾನ ಬಿಟ್ಟೆ. ಕಟ್ಟಿಗೆ ಪಟಪಟನೆ ಮುರಿಯಿತು, ಜೀಪು ಮೇಲೆ ಬಂತು. ಹಣ ಕೊಡಲು ಹೋದರೆ ಮುಖ ತಿರುಗಿಸಿದ. ಕಟ್ಟಿಗೆಯ ಹೊರೆಗಳಿಗೆ ಮಾತ್ರ ಹೊಲದವರಿಗೆ ಕೊಡಿ ಎಂದು ಲೆಕ್ಕ ಮಾಡಿ ಇಸಿದುಕೊಂಡ.

ಅಲ್ಲಿಂದ ಮುಂದಿನದು ಚುಟುಕು. ಸನ್ನತಿಯಲ್ಲಿ ಚಂದ್ರಲಾಂಬೆಗೆ ಕೈಮುಗಿದೆವು. 1986ರಲ್ಲಿ ಈ ಆವರಣದ ಕಾಳಿ ಗುಡಿ ಕುಸಿದಾಗಲೇ ಅಶೋಕನ ಶಾಸನ ಹೊರಬಂದದ್ದು ಎಂದು ಮಾಸ್ತರ ಪಾಠ ಮಾಡಿದ. ಹತ್ತಿರದ ಕನಗನಹಳ್ಳಿಯಲ್ಲಿ ಅಶೋಕನ ಹೆಸರು ಕೆತ್ತಿದ ಶಿಲ್ಪ ಸಿಕ್ಕ ಬೌದ್ಧ ಸ್ತೂಪದ ನೆಲ ನೋಡಿ, ಬ್ಯಾರೇಜಿನ ಮೇಲೆ ಭೀಮಾ ದಾಟಿದೆವು. ಮಸಾರಿ ನೆಲದಲ್ಲಿ ಮಳೆಯ ಕುರುಹೇ ಇರಲಿಲ್ಲ. ನೀರು ಇಂಗಿ, ಮರಳು ಇನ್ನೂ ಗಟ್ಟಿಯಾಗಿ, ಗಾಡಿ ಹೂವಿನಂತೆ ಹೋಯಿತು. ಒಂದು ಜಾಲಿ ಮುಳ್ಳು, ಒಂದು ಪಂಕ್ಚರ್. ಮಲಗಿದ ಬುದ್ಧನಂತೆ ಕಾಣುವ ಶಹಾಪುರದ ಬೆಟ್ಟ ಸಂಜೆಯ ಬೆಳಕಿನಲ್ಲಿ ಕಂಡಾಗ ಒಂದು ದಿನ ಕೈತಪ್ಪಿತ್ತು. ಮೂರನೆಯ ಬೆಳಗ್ಗೆ ವಿಭೂತಿಹಳ್ಳಿಯ ಸಾಲುಗಲ್ಲುಗಳ ನಡುವೆ ನಿಂತು ನಕಾಶೆ ಬಿಡಿಸಿದೆವು. 19ನೇ ಶತಮಾನದಲ್ಲಿ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ದಾಖಲಿಸಿದ, ಇತಿಹಾಸಪೂರ್ವ ಕಾಲದ ಕಲ್ಲುಗಳು ಅವು. ಸುರಪುರದ ಕಡೆ ಮತ್ತೆ ಮೋಡ ಏಳುತ್ತಿತ್ತು. ಯಾರೂ ಏನೂ ಮಾತಾಡಲಿಲ್ಲ. ಗಾಡಿ ತಿರುಗಿಸಿ, ಡಾಂಬರು ಹಿಡಿದು, ಜೇವರ್ಗಿ ಮೇಲೆ ಮನೆಗೆ ಬಂದೆವು.

ವಾರದ ನಂತರ ಜೀಪನ್ನು ಗ್ಯಾರೇಜಿಗೆ ಬಿಟ್ಟೆ. ಮೇಸ್ತ್ರಿ ಕೆಳಗೆ ಮಲಗಿ ಸುತ್ತಿಗೆಯಿಂದ ಬಡಿದು ತೆಂಗಿನಕಾಯಿ ಗಾತ್ರದ ಹೆಂಟೆಯೊಂದನ್ನು ಉರುಳಿಸಿದ. ಒಡೆದರೆ ಒಳಗೆ ತೊಗರಿ ಕಟ್ಟಿಗೆಯ ತುಂಡು. ಅದನ್ನು ಬೆರಳಲ್ಲಿ ತಿರುಗಿಸಿ ನೋಡಿ, ‘ಸಾಹೇಬರೇ, ಕಟ್ಟಿಗೆ ಅಡ್ಡ ಹಾಸಿದ್ದು ಯಾರು? ನಿಮಗೆ ಗೊತ್ತಿರಲಿಕ್ಕಿಲ್ಲ’ ಎಂದ.