ಡೆವ್‌ಕಾನ್ ಶುರುವಾಗುವ ಮೊದಲೇ ಪರಿಚಯ ಮಾಡಿಕೊಂಡದ್ದು

2023ರಲ್ಲಿ ಬೆಂಗಳೂರಿನಲ್ಲೇ ನಡೆದ ಒಂದು ಕ್ರಿಪ್ಟೋ ಸಮ್ಮೇಳನಕ್ಕೆ ಹೋಗಿದ್ದೆ. ಎರಡು ದಿನ ಓಡಾಡಿದೆ, ಸಿಕ್ಕವರಿಗೆಲ್ಲ ಕೈ ಕುಲುಕಿದೆ. ಟೆಲಿಗ್ರಾಂನಲ್ಲಿ ಅರವತ್ತು ಜನರನ್ನು ಸೇರಿಸಿಕೊಂಡು ಮನೆಗೆ ಬಂದೆ. ಒಂದು ವಾರ ಬಿಟ್ಟು ಆ ಹೆಸರುಗಳನ್ನು ನೋಡಿದರೆ ಹತ್ತು ಮುಖವೂ ನೆನಪಿಗೆ ಬರಲಿಲ್ಲ. ಅವರಿಗೂ ನನ್ನ ನೆನಪು ಇರಲಿಲ್ಲ. ನೂಕುನುಗ್ಗಲಲ್ಲಿ ಎರಡು ನಿಮಿಷ ಮಾತಾಡಿದವರನ್ನು ಯಾರು ತಾನೇ ನೆನಪಿಟ್ಟುಕೊಳ್ಳುತ್ತಾರೆ?

ಅದು ನನಗೆ ತುಂಬಾ ಬೇಸರ ತಂದಿತ್ತು. ಹಾಗಾಗಿ ಮರುವರ್ಷ ಬ್ಯಾಂಕಾಕ್‌ನ ಡೆವ್‌ಕಾನ್‌ಗೆ ಟಿಕೆಟ್ ಸಿಕ್ಕಾಗ, ಪರಿಚಯದ ಕೆಲಸವನ್ನೆಲ್ಲ ಮೊದಲೇ ಮಾಡಿ ಮುಗಿಸಬೇಕು ಅಂತ ಕೂತೆ. ಡೆವ್‌ಕಾನ್ ಅಂದರೆ ಇಥೀರಿಯಂ ಎಂಬ ಕ್ರಿಪ್ಟೋ ಜಾಲವನ್ನು ಬೆಳೆಸುವ ಇಥೀರಿಯಂ ಫೌಂಡೇಶನ್ ನಡೆಸುವ ಸಮ್ಮೇಳನ. 2022ರಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ ನಡೆದಿತ್ತು, ಅಷ್ಟು ದೂರ ಹೋಗುವುದು ನನ್ನ ಕೈಲಾಗದ ಮಾತು. 2024ರದ್ದು ನವೆಂಬರ್ 12ರಿಂದ 15ರವರೆಗೆ, ಬ್ಯಾಂಕಾಕ್‌ನ ಕ್ವೀನ್ ಸಿರಿಕಿತ್ ಸಮಾವೇಶ ಕೇಂದ್ರದಲ್ಲಿ. ನಮ್ಮವರಿಗೆ ಆಗ ಥಾಯ್ಲೆಂಡಿಗೆ ವೀಸಾ ಕೂಡ ಬೇಕಿರಲಿಲ್ಲ.

ನನ್ನ ಕೆಲಸ ಸ್ಮಾರ್ಟ್ ಕಾಂಟ್ರಾಕ್ಟ್‌ಗಳನ್ನು, ಅಂದರೆ ಇಂಥ ಜಾಲದ ಮೇಲೆ ತಾನಾಗಿಯೇ ಓಡುವ ಪ್ರೋಗ್ರಾಂಗಳನ್ನು, ಪರೀಕ್ಷೆ ಮಾಡುವುದು. ಸಾಲಿಡಿಟಿ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದ ಕೋಡ್ ಎಲ್ಲಿ ಮುರಿಯಬಹುದು ಅಂತ ಫೌಂಡ್ರಿ ಎಂಬ ಸಾಧನ ಇಟ್ಟುಕೊಂಡು ಹುಡುಕುತ್ತೇನೆ. ನಮ್ಮ ಆಫೀಸಿನಲ್ಲಿ ಈ ಕೆಲಸ ಮಾಡುವವರು ನಾನೊಬ್ಬಳೇ. ಅನುಮಾನ ಬಂದರೆ ಕೇಳುವುದಕ್ಕೆ ಪಕ್ಕದಲ್ಲಿ ಯಾರೂ ಇಲ್ಲ. ನನಗೆ ಬೇಕಿದ್ದದ್ದು ಅಂಥ ನಾಲ್ಕೈದು ಜನ, ಅಷ್ಟೇ.

ಕಾರ್ಯಕ್ರಮದ ಪಟ್ಟಿ ಬಂದ ಮೇಲೆ ಒಂದು ನೋಟ್‌ಬುಕ್ ತಗೊಂಡೆ. ಭದ್ರತೆ ಮತ್ತು ಪರೀಕ್ಷೆಗೆ ಸಂಬಂಧಪಟ್ಟ ಭಾಷಣಗಳನ್ನು ಗುರುತು ಮಾಡಿದೆ. ಭಾಷಣ ಮಾಡುವವರಷ್ಟೇ ಅಲ್ಲ, ಟೆಲಿಗ್ರಾಂ ಗುಂಪುಗಳಲ್ಲಿ ಇದೇ ವಿಷಯದ ಪ್ರಶ್ನೆಗಳಿಗೆ ತಾಳ್ಮೆಯಿಂದ ಉತ್ತರ ಕೊಡುತ್ತಿದ್ದವರ ಹೆಸರನ್ನೂ ಬರೆದುಕೊಂಡೆ. ನಿಜ ಹೇಳಬೇಕೆಂದರೆ ಈ ಎರಡನೇ ಗುಂಪಿನವರಿಂದಲೇ ನನಗೆ ಜಾಸ್ತಿ ಉಪಯೋಗವಾಯಿತು. ವೇದಿಕೆ ಹತ್ತುವವರಿಗೆ ನೂರಾರು ಸಂದೇಶ ಬಂದಿರುತ್ತವೆ. ಗುಂಪಿನ ಮೂಲೆಯಲ್ಲಿ ಕೂತು ಉತ್ತರ ಕೊಡುವವರಿಗೆ ಒಂದು ಒಳ್ಳೆ ಪ್ರಶ್ನೆ ಬಂದರೆ ಖುಷಿಯಾಗುತ್ತದೆ.

ಒಟ್ಟು ಹದಿನೆಂಟು ಹೆಸರಾದವು. ಯಾರಿಗೂ 'ಹಾಯ್, ಬ್ಯಾಂಕಾಕ್‌ನಲ್ಲಿ ಸಿಗೋಣ' ಅಂತ ಬರೆಯಬಾರದು ಎಂದು ತೀರ್ಮಾನ ಮಾಡಿದ್ದೆ. ಒಬ್ಬೊಬ್ಬರ ಕೋಡನ್ನೋ ಬರಹವನ್ನೋ ಮೊದಲು ಓದುವುದು. ಓದಿದ ಮೇಲೆ ಒಂದೇ ಒಂದು ಪ್ರಶ್ನೆ ಕೇಳುವುದು, ಅದೂ ಎರಡು ಸಾಲಿನಲ್ಲಿ ಉತ್ತರ ಕೊಡಬಹುದಾದದ್ದು. ಅಕ್ಟೋಬರ್ ತಿಂಗಳಿಡೀ ರಾತ್ರಿ ಊಟವಾದ ಮೇಲೆ ಇದೇ ಕೆಲಸ. ದಿನಕ್ಕೆ ಒಬ್ಬರು, ಕೆಲವು ದಿನ ಅದೂ ಇಲ್ಲ.

ಒಂದು ಉದಾಹರಣೆ ಕೊಡುತ್ತೇನೆ. ಒಬ್ಬರು ಇಆರ್‌ಸಿ-4626 ಮಾದರಿಯ ವಾಲ್ಟ್‌ಗೆ ಪರೀಕ್ಷೆಗಳನ್ನು ಬರೆದು ಎಲ್ಲರಿಗೂ ಸಿಗುವ ಹಾಗೆ ಇಟ್ಟಿದ್ದರು. ವಾಲ್ಟ್ ಅಂದರೆ ಜನ ಟೋಕನ್, ಅಂದರೆ ಕ್ರಿಪ್ಟೋ ಹಣ, ಇಟ್ಟು ಅದರ ಪಾಲು ಪಡೆಯುವ ಕಾಂಟ್ರಾಕ್ಟ್. ಇದರಲ್ಲಿ ಒಂದು ಹಳೆಯ ಮೋಸವಿದೆ. ಮೊದಲು ಬಂದವನು ತೀರಾ ಚಿಕ್ಕ ಮೊತ್ತ, ಅಂದರೆ ಲೆಕ್ಕದ ಅತಿ ಚಿಕ್ಕ ಘಟಕವಾದ 'ವೇ' ಒಂದನ್ನು ಮಾತ್ರ, ಇಟ್ಟು ಒಂದೇ ಒಂದು ಪಾಲು ಪಡೆಯುತ್ತಾನೆ. ಆಮೇಲೆ ದೊಡ್ಡ ಮೊತ್ತವನ್ನು ನೇರವಾಗಿ ವಾಲ್ಟ್‌ಗೆ ಕಳಿಸಿ ಆ ಪಾಲಿನ ಬೆಲೆ ಏರಿಸಿಬಿಡುತ್ತಾನೆ. ನಂತರ ಬಂದವನು ಹಣ ಇಟ್ಟರೆ, ಭಾಗಾಕಾರದ ಉತ್ತರವನ್ನು ಕೆಳಗಿನ ಪೂರ್ಣ ಸಂಖ್ಯೆಗೆ ಇಳಿಸುವ ಲೆಕ್ಕದಿಂದಾಗಿ ಅವನಿಗೆ ಸೊನ್ನೆ ಪಾಲು ಬರಬಹುದು. ಅವರ ಪರೀಕ್ಷೆಯಲ್ಲಿ ಈ ಸಂದರ್ಭ ನನಗೆ ಕಾಣಲಿಲ್ಲ. ನಾನು ಬರೆದದ್ದು ಇಷ್ಟೇ: "ನಿಮ್ಮ ಪರೀಕ್ಷೆಗಳನ್ನು ನಮ್ಮ ಕೋಡ್ ಮೇಲೆ ಓಡಿಸಿ ನೋಡಿದೆ. ಮೊದಲ ಠೇವಣಿ 1 ವೇ ಮಾತ್ರ ಇರುವ ಸಂದರ್ಭ ಕಾಣಲಿಲ್ಲ. ಬೇಕೆಂದೇ ಬಿಟ್ಟಿದ್ದೀರಾ? ನಾನೂ ಬ್ಯಾಂಕಾಕ್‌ಗೆ ಬರುತ್ತಿದ್ದೇನೆ." ಅರ್ಧ ಗಂಟೆಯಲ್ಲಿ ಉತ್ತರ ಬಂತು. ಅವರು ಅದನ್ನು ಬೇರೆ ಕಡತದಲ್ಲಿ ಇಟ್ಟಿದ್ದರು, ನಾನು ನೋಡಿರಲಿಲ್ಲ. ಆ ಉತ್ತರದ ಕೊನೆಯಲ್ಲಿ ಅವರೇ ಕೇಳಿದರು, ಯಾವತ್ತು ಬಂದು ಇಳಿಯುತ್ತೀರಿ ಅಂತ.

ಹದಿನೆಂಟರಲ್ಲಿ ಹನ್ನೊಂದು ಜನ ಉತ್ತರ ಕೊಟ್ಟರು. ಉಳಿದವರಿಗೆ ಮತ್ತೆ ಬರೆಯಲಿಲ್ಲ. ಒಂದು ಸಲ ಕೇಳಿದ್ದು ಸಾಕು, ಬೆನ್ನು ಹತ್ತಿದರೆ ಇರುವ ಮರ್ಯಾದೆಯೂ ಹೋಗುತ್ತದೆ.

ಹೆಸರುಗಳ ವಿಚಾರ ಬೇರೆ ಇತ್ತು. ವಿಯೆಟ್ನಾಂನವರ ಹೆಸರು, ಪೋಲೆಂಡಿನವರ ಹೆಸರು ಇಂಗ್ಲಿಷ್ ಅಕ್ಷರದಲ್ಲಿ ಒಂದು ಥರ, ಬಾಯಲ್ಲಿ ಇನ್ನೊಂದು ಥರ. ನಾನು ನೇರವಾಗಿ ಕೇಳಿಬಿಟ್ಟೆ: "ನಿಮ್ಮ ಹೆಸರನ್ನು ಒಂದು ವಾಯ್ಸ್ ಮೆಸೇಜ್‌ನಲ್ಲಿ ಹೇಳಿ ಕಳಿಸುತ್ತೀರಾ?" ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ. ಕೇಳಿದ್ದನ್ನು ಕೇಳಿದ ಹಾಗೇ ನೋಟ್‌ಬುಕ್‌ನಲ್ಲಿ ಕನ್ನಡದಲ್ಲಿ ಬರೆದುಕೊಂಡೆ. ನಮ್ಮ ಲಿಪಿಯಲ್ಲಿ ಬರೆದಂತೆ ಓದುವ ಅನುಕೂಲ ಇದೆಯಲ್ಲ, ಅದು ಇಲ್ಲಿ ನಿಜಕ್ಕೂ ಕೆಲಸಕ್ಕೆ ಬಂತು. ಅಲ್ಲಿ ಹೋಗಿ ಹೆಸರು ಹಿಡಿದು ಕರೆದಾಗ ಒಬ್ಬರು, ಥಾಯ್ಲೆಂಡಿಗೆ ಬಂದ ಮೇಲೆ ನನ್ನ ಹೆಸರು ಸರಿಯಾಗಿ ಕೇಳಿಸಿದ್ದು ಇದೇ ಮೊದಲು ಅಂದರು.

ಈ ಮಧ್ಯೆ ಒಂದು ಅಪಾಯವೂ ಹತ್ತಿರ ಬಂದು ಹೋಯಿತು. ಭಾಷಣಕಾರರೊಬ್ಬರಿಗೆ ಬರೆದು ಮೂರು ದಿನವಾಗಿತ್ತು. ಒಂದು ರಾತ್ರಿ ಅವರ ಹೆಸರಿನಿಂದ, ಅವರ ಫೋಟೋ ಇಟ್ಟುಕೊಂಡ ಖಾತೆಯಿಂದ ಸಂದೇಶ ಬಂತು. ವಿಡಿಯೋ ಕರೆಯಲ್ಲಿ ಮಾತಾಡೋಣ, ಈ ಆ್ಯಪ್ ಹಾಕಿಕೊಳ್ಳಿ ಅಂತ ಒಂದು ಲಿಂಕ್. ಖುಷಿಯಲ್ಲಿ ಬೆರಳು ಲಿಂಕ್ ಮೇಲೆ ಹೋಗಿತ್ತು. ಯಾಕೋ ಯೂಸರ್‌ನೇಮ್ ನೋಡಿದೆ. ಒಂದು ಅಕ್ಷರ ಬೇರೆ. ಕೋಡ್ ಹಂಚಿಕೊಳ್ಳುವ ಗಿಟ್‌ಹಬ್ ತಾಣದ ಅವರ ಪುಟದಲ್ಲಿದ್ದ ಇಮೇಲ್‌ಗೆ ಬರೆದು ಕೇಳಿದೆ. ಅದು ಅವರದಲ್ಲವೇ ಅಲ್ಲ. ಸಮ್ಮೇಳನದ ದಿನ ಹತ್ತಿರ ಬಂದಂತೆ ಗುಂಪುಗಳಲ್ಲಿ ಇಂಥವರು ಸೇರಿಕೊಳ್ಳುತ್ತಾರೆ. ಎಲ್ಲರೂ ಹೊಸಬರೊಂದಿಗೆ ಮಾತಾಡಲು ಕಾಯುತ್ತಿರುವ ಸಮಯ ಅದು, ಅವರಿಗೂ ಅದು ಗೊತ್ತು.

ಅಂದೇ ರಾತ್ರಿ ಟೆಲಿಗ್ರಾಂನಲ್ಲಿ ಫೋನ್ ನಂಬರ್ ಯಾರಿಗೂ ಕಾಣದಂತೆ ಮಾಡಿದೆ. ಗೊತ್ತಿಲ್ಲದವರು ನನ್ನನ್ನು ಗುಂಪಿಗೆ ಸೇರಿಸದಂತೆ ಮಾಡಿದೆ. ಪ್ರಯಾಣಕ್ಕೆ ಅಂತಲೇ ಕ್ರಿಪ್ಟೋ ಹಣ ಇಡುವ ಒಂದು ಹೊಸ ವಾಲೆಟ್ ತೆರೆದು ಅದರಲ್ಲಿ ಸ್ವಲ್ಪ ಹಣ ಮಾತ್ರ ಇಟ್ಟೆ. ಉಳಿತಾಯದ ವಾಲೆಟ್ ಮನೆಯಲ್ಲೇ ಉಳಿಯಿತು. ಅದರ ಸೀಡ್ ಫ್ರೇಸ್‌ನ, ಅಂದರೆ ವಾಲೆಟ್ ತೆರೆಯುವ ಗುಟ್ಟಿನ ಪದಗಳ, ಫೋಟೋ ಫೋನಿನಲ್ಲಿ ಯಾವತ್ತೂ ಇರಕೂಡದು. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ.

ನವೆಂಬರ್ ಒಂದರಂದು, ದೀಪಾವಳಿ ಮತ್ತು ರಾಜ್ಯೋತ್ಸವ ಎರಡೂ ಒಟ್ಟಿಗೆ ಬಂದಿದ್ದವು. ಆ ಸಂಜೆ ಒಂದು ಗುಂಪಿನಲ್ಲಿ ಸುಮ್ನೆ ಕನ್ನಡದಲ್ಲೇ ಬರೆದೆ: "ಕನ್ನಡ ಮಾತಾಡೋರು ಯಾರಾದ್ರೂ ಬರ್ತಿದ್ದೀರಾ?" ಮೂವರು ಸಿಕ್ಕರು. ಸಿಂಗಾಪುರದಲ್ಲಿರುವ ಹುಬ್ಬಳ್ಳಿಯವರು "ನಾ ಬರಾಕತ್ತೀನ್ರೀ" ಅಂದರು. ಹಾಸನದ ಹುಡುಗಿಯೊಬ್ಬಳು, ಇನ್ನೂ ಇಂಜಿನಿಯರಿಂಗ್ ಓದುತ್ತಿರುವವಳು, "ಅಕ್ಕಾ, ನಂಗೆ ಇದು ಮೊದಲನೇ ಸಲ ವಿಮಾನ" ಅಂತ ಬರೆದಳು. ಇನ್ನೊಬ್ಬರು ಬರ್ಲಿನ್‌ನಲ್ಲಿರುವ ಮೈಸೂರಿನವರು. ಹಾಸನದ ಹುಡುಗಿ ಮತ್ತು ನಾನು ಒಂದೇ ಹೋಟೆಲ್ ಹಿಡಿದೆವು, ಖರ್ಚೂ ಅರ್ಧವಾಯಿತು.

ಸಮ್ಮೇಳನದ ಸುತ್ತಮುತ್ತ ಸೈಡ್ ಇವೆಂಟ್‌ಗಳಿಗೆ ಲೆಕ್ಕವೇ ಇಲ್ಲ. ಲೂಮಾ ಎಂಬ ವೆಬ್‌ಸೈಟ್‌ನಲ್ಲಿ ಹೆಸರು ಕೊಟ್ಟು ಒಪ್ಪಿಗೆಗೆ ಕಾಯಬೇಕು. ನಾನು ಮೂರಕ್ಕೆ ಮಾತ್ರ ಅರ್ಜಿ ಹಾಕಿದೆ. ದೊಡ್ಡ ಪಾರ್ಟಿಗಳ ಗದ್ದಲದಲ್ಲಿ ಮಾತು ಕೇಳಿಸುವುದಿಲ್ಲ, ನನಗೆ ಅವು ಬೇಡ.

ಅದರ ಬದಲು ಒಂದು ನಡಿಗೆ ಇಟ್ಟುಕೊಂಡೆ. ಸಮಾವೇಶ ಕೇಂದ್ರಕ್ಕೆ ಅಂಟಿಕೊಂಡೇ ಬೆಂಜಕಿಟ್ಟಿ ಉದ್ಯಾನವಿದೆ. ಒಂದು ಕಾಲಕ್ಕೆ ತಂಬಾಕು ಕಾರ್ಖಾನೆಯಿದ್ದ ಜಾಗದಲ್ಲಿ ಈಗ ಕೆರೆ, ಜವುಗು, ಮರಗಳು. ಮೇಲಿನಿಂದ ನಡೆದು ಹೋಗುವ ಹಾದಿಯೂ ಇದೆ. ಉತ್ತರ ಕೊಟ್ಟ ಹನ್ನೊಂದು ಜನರಿಗೂ ನಮ್ಮ ಮೂವರು ಕನ್ನಡಿಗರಿಗೂ ಬರೆದೆ: ನವೆಂಬರ್ 11, ಸೋಮವಾರ ಬೆಳಿಗ್ಗೆ ಏಳು ಗಂಟೆ, ಒಂದು ಸುತ್ತು ನಡೆಯೋಣ, ಆಮೇಲೆ ಕಾಫಿ. ಬ್ಯಾಂಕಾಕ್ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಮುಂದೆ. ಅದಕ್ಕೇ ಎರಡು ದಿನ ಮುಂಚೆ ಹೋಗಿದ್ದೆ, ಇಲ್ಲದಿದ್ದರೆ ನನಗೇ ಎದ್ದೇಳಲು ಆಗುತ್ತಿರಲಿಲ್ಲ.

ಒಂಬತ್ತು ಜನ ಬಂದರು. ಮುಂಚಿನ ದಿನವಷ್ಟೇ ಬಿಟ್‌ಕಾಯಿನ್ ಮೊದಲ ಸಲ 80,000 ಡಾಲರ್ ದಾಟಿತ್ತು. ಊರೆಲ್ಲ ಬೆಲೆಯದ್ದೇ ಮಾತು. ನಮ್ಮಲ್ಲೂ ಐದು ನಿಮಿಷ ಅದೇ ನಡೆಯಿತು. ಆಮೇಲೆ ನಾನು ಒಂದು ವಿಷಯ ಕೇಳಿದೆ: ಈ ವರ್ಷ ನಿಮ್ಮನ್ನು ಜಾಸ್ತಿ ಕಾಡಿದ ಬಗ್ ಯಾವುದು? ಅಲ್ಲಿಂದ ಮಾತು ಬೇರೆ ದಾರಿ ಹಿಡಿಯಿತು. ನಡೆಯುವಾಗ ಜನ ಇಬ್ಬಿಬ್ಬರಾಗಿ, ಮೂವರಾಗಿ ತಾವೇ ಹಂಚಿಹೋಗುತ್ತಾರೆ. ಪಕ್ಕದಲ್ಲಿ ನಡೆಯುತ್ತಾ ಮಾತಾಡುವಾಗ ಮುಜುಗರವೂ ಕಡಿಮೆ. ಹಾಸನದ ಹುಡುಗಿ ಮೊದಲ ಹತ್ತು ನಿಮಿಷ ಬಾಯಿ ಬಿಡಲಿಲ್ಲ. ಆ ವಾಲ್ಟ್ ಪರೀಕ್ಷೆ ಬರೆದವರು ಅವಳ ಜೊತೆ ಹೆಜ್ಜೆ ಹಾಕಿದರು. ಸುತ್ತು ಮುಗಿಯುವಷ್ಟರಲ್ಲಿ ಅವಳು ಅವರ ಫೋನಿನಲ್ಲಿ ತನ್ನ ಕೋಡ್ ತೋರಿಸುತ್ತಿದ್ದಳು.

ಮರುದಿನ ಬಾಗಿಲಲ್ಲಿ ಸಾವಿರಾರು ಜನ. ಆ ಗುಂಪಿನಲ್ಲಿ ಕಂಡ ಮೊದಲ ಮುಖವೇ ನನ್ನ ಹೆಸರು ಹಿಡಿದು ಕೂಗಿತು. ಆ ನಾಲ್ಕು ದಿನ ನಾನು ಒಬ್ಬಳೇ ಊಟ ಮಾಡಲಿಲ್ಲ. ಒಬ್ಬರು ಇನ್ನೊಬ್ಬರಿಗೆ ಪರಿಚಯಿಸಿದರು, ಅವರು ಮತ್ತೊಬ್ಬರಿಗೆ. ಕೊನೆಯ ದಿನ ಥಾಯ್ ಜನರ ಲಾಯ್ ಕ್ರಥಾಂಗ್ ಹಬ್ಬ, ನಮ್ಮ ಕಾರ್ತಿಕ ಹುಣ್ಣಿಮೆ. ಅವರು ನೀರಿನಲ್ಲಿ ಬಾಳೆದಿಂಡಿನ ಪುಟ್ಟ ದೋಣಿ ಮಾಡಿ ದೀಪ ತೇಲಿ ಬಿಡುತ್ತಾರೆ. ನಡಿಗೆಗೆ ಬಂದಿದ್ದ ಆರು ಜನ ಒಟ್ಟಿಗೆ ಚಾವೊ ಪ್ರಾಯಾ ನದಿ ದಡಕ್ಕೆ ಹೋಗಿದ್ದೆವು.

ಅವರಲ್ಲಿ ನಾಲ್ವರೊಂದಿಗೆ ಇವತ್ತಿಗೂ ಮಾತಿದೆ. ನಾನು ಬರೆದ ಪರೀಕ್ಷೆಗಳನ್ನು ಅವರು ನೋಡುತ್ತಾರೆ, ಅವರದನ್ನು ನಾನು.

ಮುಂದಿನ ಡೆವ್‌ಕಾನ್ 2026ರಲ್ಲಿ ಮುಂಬೈಯಲ್ಲಿ ಅಂತ ಘೋಷಣೆಯಾದ ದಿನವೇ ಹಾಸನದಿಂದ ಫೋನ್ ಬಂತು. "ಅಕ್ಕಾ, ಈ ಸಲ ನಡಿಗೆ ಎಲ್ಲಿ?" ಜಾಗ ಆಮೇಲೆ ನೋಡೋಣ, ಮೊದಲು ಯಾರ್ಯಾರ ಕೋಡ್ ಓದ್ತೀಯಾ ಅಂತ ಪಟ್ಟಿ ಮಾಡು ಅಂದೆ. ಅವಳು ಆಗಲೇ ಐದು ಹೆಸರು ಬರೆದಿಟ್ಟಿದ್ದಳು.