ಸುರುಳಿ ಕೂದಲಿಗೆ ಸಡಿಲ ಹುರಿ ಜಡೆ: ಮನೆಯಲ್ಲೇ ಹಾಕುವುದು ಹೇಗೆ?

ಆಫ್ರಿಕಾ ಮೂಲದವರ ಬಿಗಿ ಸುರುಳಿ ಕೂದಲು ನೋಡಲು ಗಟ್ಟಿಮುಟ್ಟು, ಆದರೆ ಬಲು ನಾಜೂಕು. ನೆತ್ತಿಯಲ್ಲಿ ಊರುವ ಜಿಡ್ಡು ನೇರ ಕೂದಲಲ್ಲಿ ಸಲೀಸಾಗಿ ತುದಿಯವರೆಗೆ ಇಳಿಯುತ್ತದೆ. ಸುರುಳಿ ಕೂದಲಲ್ಲಿ ಬುಡದ ಹತ್ತಿರವೇ ನಿಂತುಬಿಡುತ್ತದೆ. ಹಾಗಾಗಿ ತುದಿ ಒಣಗುತ್ತದೆ. ಸಾಲದ್ದಕ್ಕೆ ಪ್ರತಿ ತಿರುವಿನಲ್ಲೂ ಕೂದಲು ಮುರಿಯುವ ಭಯ. 'ನನ್ನ ಕೂದಲು ಬೆಳೆಯೋದೇ ಇಲ್ಲ' ಎಂದು ಎಷ್ಟೋ ಜನ ಅಂದುಕೊಳ್ಳುವುದು ಇದಕ್ಕೇ. ಕೂದಲು ತಿಂಗಳಿಗೆ ಸುಮಾರು 1 ಸೆಂ.ಮೀ. ಬೆಳೆಯುತ್ತಲೇ ಇರುತ್ತದೆ. ಬೆಳೆದಷ್ಟೂ ತುದಿಯಲ್ಲಿ ಮುರಿದು ಹೋಗುತ್ತಿರುತ್ತದೆ, ಅಷ್ಟೆ.

ಆ ತುದಿಗಳನ್ನು ಮುಚ್ಚಿಟ್ಟು, ದಿನಾ ಬಾಚುವ ಕಾಟ ತಪ್ಪಿಸುವ ಜಡೆಗಳನ್ನು ಅಮೆರಿಕದ ಕಪ್ಪು ಜನ ಪ್ರೊಟೆಕ್ಟಿವ್ ಸ್ಟೈಲ್ ಎನ್ನುತ್ತಾರೆ. ತಲೆಯನ್ನು ಚೌಕ ಚೌಕವಾಗಿ ಭಾಗ ಮಾಡಿ ಹೆಣೆಯುವ ಬಾಕ್ಸ್ ಬ್ರೇಡ್, ನೆತ್ತಿಗೆ ಅಂಟಿಕೊಂಡೇ ಸಾಗುವ ಕಾರ್ನ್‌ರೋ, ಎಳೆಗಳನ್ನು ಹುರಿಯಂತೆ ಹೊಸೆಯುವ ಟ್ವಿಸ್ಟ್ ಎಲ್ಲದರ ಬೇರು ಆಫ್ರಿಕಾದಲ್ಲಿದೆ. ಇಂಥ ಜಡೆ ಹಾಕಿದ್ದಕ್ಕೇ ಕೆಲಸ ಕಳೆದುಕೊಂಡವರು, ಶಾಲೆಯಿಂದ ಹೊರಗೆ ಹಾಕಿಸಿಕೊಂಡವರು ಅಲ್ಲಿದ್ದಾರೆ. ಅದನ್ನು ತಡೆಯಲು ಕ್ಯಾಲಿಫೋರ್ನಿಯಾ 2019ರಲ್ಲಿ ಕ್ರೌನ್ ಕಾಯ್ದೆ ತಂದಿತು. ಆ ದೇಶದ ರಾಜ್ಯಗಳಲ್ಲಿ ಅದೇ ಮೊದಲು.

ನಮಗೂ ಈ ಕೂದಲು ಹೊಸದಲ್ಲ. ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿ ಜನರ ಹಿರೀಕರು ಆಫ್ರಿಕಾದಿಂದ ಬಂದವರು. ಎಲ್ಲ ಹುಡುಗಿಯರಿಗೂ ಎರಡು ಜಡೆ, ರಿಬ್ಬನ್ ಎನ್ನುವ ನಮ್ಮ ಶಾಲೆಗಳ ಪದ್ಧತಿ ನೇರ ಕೂದಲನ್ನು ನೋಡಿ ಮಾಡಿದ್ದು ಅಂತಲೇ ನನಗನ್ನಿಸುವುದು.

ಕಲಿಯಲು ಸುಲಭವಾದದ್ದು ಎರಡೆಳೆ ಟ್ವಿಸ್ಟ್. ಹಗ್ಗ ಹೊಸೆದ ಹಾಗೆ. ಮೊದಲ ಸಲ ಮೂರ್ನಾಲ್ಕು ಗಂಟೆ ಹಿಡಿಯುತ್ತದೆ, ಭಾನುವಾರಕ್ಕೆ ಇಟ್ಟುಕೊಳ್ಳಿ. ಅಗಲ ಹಲ್ಲಿನ ಬಾಚಣಿಗೆ, ನೀರಿನ ಸ್ಪ್ರೇ ಬಾಟಲಿ, ಕಂಡೀಷನರ್ (ತೊಳೆಯುವಂಥದ್ದು ಒಂದು, ತೊಳೆಯದೆ ಬಿಡುವಂಥದ್ದು ಒಂದು), ನಾಲ್ಕು ಕ್ಲಿಪ್ಪು, ಶಿಯಾ ಬೆಣ್ಣೆ (ಆಫ್ರಿಕಾದ ಶಿಯಾ ಮರದ ಬೀಜದಿಂದ ತೆಗೆಯುವ ಜಿಡ್ಡು) ಅಥವಾ ಹರಳೆಣ್ಣೆ ಇದ್ದರೆ ಸಾಕು.

ತೊಳೆದು ಸಿಕ್ಕು ಬಿಡಿಸಿ

ಶಾಂಪೂ ನೆತ್ತಿಗೆ ಮಾತ್ರ ಹಚ್ಚಿ. ನೊರೆ ಇಳಿಯುತ್ತಾ ಉಳಿದ ಕೂದಲನ್ನೂ ತೊಳೆಯುತ್ತದೆ. ಕೂದಲನ್ನೆಲ್ಲ ನೆತ್ತಿಯ ಮೇಲೆ ಗುಡ್ಡೆ ಹಾಕಿ ಉಜ್ಜಬೇಡಿ. ಸೀಗೆಪುಡಿಯೂ ಬೇಡ, ಸುರುಳಿಯೊಳಗೆ ಕೂತ ಪುಡಿ ತೆಗೆಯುವಷ್ಟರಲ್ಲಿ ಸಾಕುಸಾಕಾಗುತ್ತದೆ.

ಈಗ ತಲೆಯನ್ನು ನಾಲ್ಕು ಭಾಗ ಮಾಡಿ ಕ್ಲಿಪ್ ಹಾಕಿ. ಒಂದೊಂದೇ ಭಾಗಕ್ಕೆ ಕಂಡೀಷನರ್ ಧಾರಾಳವಾಗಿ ಹಚ್ಚಿ, ಮೊದಲು ಬೆರಳಿನಿಂದ ಸಿಕ್ಕು ಬಿಡಿಸಿ. ಆಮೇಲೆ ಬಾಚಣಿಗೆ. ತುದಿಯಿಂದ ಶುರು ಮಾಡಿ, ಸ್ವಲ್ಪ ಸ್ವಲ್ಪವೇ ಬುಡದ ಕಡೆ ಹೋಗಬೇಕು. ಬಾಚುವ ಜಾಗದ ಮೇಲ್ಗಡೆ ಕೂದಲನ್ನು ಮುಷ್ಟಿಯಲ್ಲಿ ಹಿಡಿದುಕೊಂಡರೆ ನೆತ್ತಿ ಎಳೆಯುವುದಿಲ್ಲ, ಮಕ್ಕಳು ಅಳುವುದೂ ಇಲ್ಲ. ಒಣ ಕೂದಲಿಗೆ ಬಾಚಣಿಗೆ ಮುಟ್ಟಿಸಲೇಬೇಡಿ. ಸಿಕ್ಕು ಬಿಟ್ಟ ಮೇಲೆ ಚೆನ್ನಾಗಿ ತೊಳೆಯಿರಿ.

ಮೊದಲು ನೀರು, ಆಮೇಲೆ ಎಣ್ಣೆ

ನಮ್ಮವರು ಎಡವುವುದು ಇಲ್ಲೇ. ಒಣಗಿದ ಕೂದಲು ಕಂಡರೆ ಸಾಕು, ಕೈ ಎಣ್ಣೆ ಬಾಟಲಿಗೆ ಹೋಗುತ್ತದೆ. ಎಣ್ಣೆಯಿಂದ ಕೂದಲಿಗೆ ತೇವ ಬರುವುದಿಲ್ಲ, ಇರುವ ತೇವ ಹೊರಗೆ ಹೋಗದಂತೆ ಅದು ತಡೆಯುತ್ತದೆ ಅಷ್ಟೆ. ಅದಕ್ಕೇ ಕೂದಲು ಹಸಿಯಿರುವಾಗಲೇ ತೊಳೆಯದೆ ಬಿಡುವಂಥ ಕಂಡೀಷನರ್ ಹಚ್ಚಿ, ಅದರ ಮೇಲೆ ಶಿಯಾ ಬೆಣ್ಣೆಯನ್ನೋ ಹರಳೆಣ್ಣೆಯನ್ನೋ ತೆಳ್ಳಗೆ ಸವರಿ. ತುದಿಗೆ ಸ್ವಲ್ಪ ಜಾಸ್ತಿ ಇರಲಿ.

ಹೊಸೆಯುವುದು

ಕತ್ತಿನ ಹಿಂಭಾಗದಿಂದ ಶುರು ಮಾಡಿ. ಸುಮಾರು ಒಂದಿಂಚು ಚೌಕದಷ್ಟು ಕೂದಲನ್ನು ಬೈತಲೆ ತೆಗೆದು ಬೇರೆ ಮಾಡಿ, ಎರಡು ಎಳೆ ಮಾಡಿ, ಒಂದರ ಮೇಲೊಂದು ಹಾಕುತ್ತಾ ಹೊಸೆಯಿರಿ. ಬುಡದ ಮೊದಲೆರಡು ಸುತ್ತು ಸಡಿಲವಾಗಿರಲಿ. ತುದಿಗೆ ಬಂದಾಗ ಬೆರಳಿಗೆ ಸುತ್ತಿ ಬಿಟ್ಟರೆ ತಾನಾಗಿಯೇ ಸುರುಳಿಯಾಗಿ ನಿಲ್ಲುತ್ತದೆ, ರಬ್ಬರ್ ಬ್ಯಾಂಡ್ ಬೇಕಿಲ್ಲ.

ಮುಗಿದ ಮೇಲೆ ಕನ್ನಡಿ ಮುಂದೆ ನಿಂತು ಹುಬ್ಬು ಏರಿಸಿ ನೋಡಿ. ಹಣೆಯ ಚರ್ಮ ಎಳೆಯುತ್ತಿದೆಯಾ? ಬುಡದಲ್ಲಿ ಸಣ್ಣ ಗುಳ್ಳೆ ಎದ್ದಿವೆಯಾ? ಹಾಗಿದ್ದರೆ ಬಿಚ್ಚಿ ಮತ್ತೆ ಹಾಕಿ. 'ಎರಡು ದಿನ ನೋಯುತ್ತೆ, ಆಮೇಲೆ ಸರಿಹೋಗುತ್ತೆ' ಎಂಬ ಮಾತನ್ನು ನಂಬಬೇಡಿ. ವರ್ಷಗಟ್ಟಲೆ ಬಿಗಿ ಜಡೆ ಹಾಕಿದರೆ ಕಣತಲೆ, ಹಣೆಯಂಚಿನಲ್ಲಿ ಕೂದಲು ಉದುರುತ್ತದೆ. ವೈದ್ಯರು ಇದನ್ನು ಟ್ರ್ಯಾಕ್ಷನ್ ಅಲೊಪೀಷಿಯಾ ಎನ್ನುತ್ತಾರೆ. ಬೇಗ ಎಚ್ಚೆತ್ತರೆ ಕೂದಲು ಮತ್ತೆ ಬರುತ್ತದೆ. ತಡವಾದರೆ ಆ ಜಾಗ ಬೋಳಾಗಿಯೇ ಉಳಿಯಬಹುದು.

ಜಡೆ ದಪ್ಪ ಕಾಣಲೆಂದು ಎಕ್ಸ್‌ಟೆನ್ಷನ್ (ಹೊರಗಿನ ಕೂದಲು) ಸೇರಿಸುವವರು ಭಾರ ನೋಡಿಕೊಳ್ಳಿ. ಸಿಂಥೆಟಿಕ್ ಎಳೆ ಹಾಕಿದ ಮೇಲೆ ತುರಿಕೆಯಾಗುವುದುಂಟು. ಮೊದಲೇ ವಿನೆಗರ್ ಬೆರೆಸಿದ ನೀರಲ್ಲಿ ನೆನೆಸಿ, ತೊಳೆದು, ಒಣಗಿಸಿದರೆ ಅದು ಕಡಿಮೆ. (ಅಸಲಿ ಕೂದಲಿನ ಎಕ್ಸ್‌ಟೆನ್ಷನ್‌ನ ಕತೆಯೇ ಬೇರೆ. ತಿರುಪತಿಯಲ್ಲಿ ಕೊಟ್ಟ ಮುಡಿ ಹರಾಜಾಗಿ ಅದೆಷ್ಟು ದೂರ ಹೋಗುತ್ತದೆ ಅಲ್ವಾ!)

ಹಾಕಿದ ಮೇಲೆ

ರಾತ್ರಿ ಸ್ಯಾಟಿನ್ ಬಟ್ಟೆ ಸುತ್ತಿ ಮಲಗಿ. ಹತ್ತಿಯ ದಿಂಬು ತೇವ ಹೀರುತ್ತದೆ, ಉಜ್ಜಿ ಉಜ್ಜಿ ಕೂದಲನ್ನು ಒರಟು ಮಾಡುತ್ತದೆ. ಜರಿಯಿಲ್ಲದ ಹಳೇ ರೇಷ್ಮೆ ಸೀರೆಯ ತುಂಡಾದರೂ ನಡೆಯುತ್ತದೆ. ಜಡೆ ಹಾಕಿದ್ದೀವಲ್ಲ ಅಂತ ಸುಮ್ನೆ ಬಿಡಬೇಡಿ. ವಾರಕ್ಕೋ ಎರಡು ವಾರಕ್ಕೋ ನೀರು ಬೆರೆಸಿದ ಶಾಂಪೂವಿನಿಂದ ನೆತ್ತಿ ತೊಳೆದು, ಪೂರ್ತಿ ಒಣಗಿಸಿ. ಒಳಗೆ ಹಸಿ ಉಳಿದರೆ ವಾಸನೆ ಬರುತ್ತದೆ.

ಸ್ವಂತ ಕೂದಲಿನ ಟ್ವಿಸ್ಟ್ ಎರಡು ಮೂರು ವಾರ ಇರಲಿ. ಎಕ್ಸ್‌ಟೆನ್ಷನ್ ಹಾಕಿದ್ದರೆ ಹೆಚ್ಚೆಂದರೆ 6ರಿಂದ 8 ವಾರ. ಬಿಚ್ಚುವಾಗ ಮುಷ್ಟಿ ತುಂಬ ಕೂದಲು ಕೈಗೆ ಬಂದರೆ ಗಾಬರಿಯಾಗಬೇಡಿ. ಎಲ್ಲರ ತಲೆಯಿಂದಲೂ ದಿನಕ್ಕೆ 50ರಿಂದ 100 ಕೂದಲು ಉದುರುತ್ತದೆ. ಜಡೆಯೊಳಗೆ ಅದು ಹಾಗೇ ಕೂತಿರುತ್ತದೆ. ಒಂದೆರಡನ್ನು ಬೆಳಕಿಗೆ ಹಿಡಿದು ನೋಡಿ. ಉದ್ದವಾಗಿದ್ದು ಒಂದು ತುದಿಯಲ್ಲಿ ಬಿಳಿ ಚುಕ್ಕೆ ಇದ್ದರೆ ಅದು ತಾನಾಗಿ ಉದುರಿದ್ದು. ಚುಕ್ಕೆಯಿಲ್ಲದ ಮೋಟು ತುಂಡುಗಳೇ ಜಾಸ್ತಿಯಿದ್ದರೆ ಮುರಿಯುತ್ತಿದೆ ಎಂದರ್ಥ. ತಲೆಗೆ ನೀರು ಹಾಕುವ ಮೊದಲೇ ಈ ಉದುರಿದ ಕೂದಲನ್ನೆಲ್ಲ ಬಿಡಿಸಿ ತೆಗೆಯಿರಿ, ಇಲ್ಲದಿದ್ದರೆ ಗಂಟುಗಟ್ಟುತ್ತದೆ.

ಮತ್ತೆ ಹಾಕುವ ಮುಂಚೆ ಒಂದೆರಡು ವಾರ ತಲೆಗೆ ಬಿಡುವು ಕೊಡಿ. ಕಣತಲೆಯಲ್ಲಿ ಕೂದಲು ತೆಳ್ಳಗಾಗಿದೆ ಅನ್ನಿಸಿದರೆ ಜಡೆಯನ್ನೇ ನಿಲ್ಲಿಸಿ, ಚರ್ಮದ ಡಾಕ್ಟರಿಗೆ ತೋರಿಸಿ.