ವೆಂಡೀಸ್ ಪೋಸ್ಟ್‌ಗಳನ್ನು ಅಳೆಯೋದು ಹೇಗೆ?

ಜಯನಗರದ ನಮ್ಮ ಪುಟ್ಟ ಏಜೆನ್ಸಿಗೆ ಯಾರೇ ಹೊಸಬರು ಸೇರಲಿ, ನಾನು ಕೊಡುವ ಮೊದಲ ಕೆಲಸ ಒಂದೇ: ಒಂದು ಫಾಸ್ಟ್ ಫುಡ್ ಬ್ರ್ಯಾಂಡ್ ಸೋಷಿಯಲ್ ಮೀಡಿಯಾದಲ್ಲಿ ಎಲ್ಲಿ ಗೆಲ್ಲುತ್ತಿದೆ, ಎಲ್ಲಿ ಎಡವುತ್ತಿದೆ ಅಂತ ಬರೆದುಕೊಂಡು ಬನ್ನಿ. ಹೆಚ್ಚಿನವರು "ಫಾಲೋವರ್ಸ್ ಜಾಸ್ತಿ, ವಿಡಿಯೋ ಕಮ್ಮಿ" ಅಂತ ಬರೆದು ತರುತ್ತಾರೆ. ಅದನ್ನು ಯಾವ ಬ್ರ್ಯಾಂಡ್ ಬಗ್ಗೆ ಬೇಕಾದರೂ ಬರೆಯಬಹುದು, ಅಲ್ವಾ? ಅದಕ್ಕೇ ಟ್ವಿಟರ್‌ನಲ್ಲಿ ಕಾಲೆಳೆಯೋ ರಿಪ್ಲೈಗಳಿಗೆ ಹೆಸರಾದ ಅಮೆರಿಕದ ಬರ್ಗರ್ ಕಂಪನಿ ವೆಂಡೀಸ್ ಇಟ್ಟುಕೊಂಡು ಹೇಳಿಕೊಡುತ್ತೇನೆ.

ಫೋನ್ ತೆಗೆಯುವ ಮೊದಲು ಅಂಗಡಿಯಲ್ಲಿ ಏನು ಮಾರುತ್ತಾರೆ ತಿಳಿದುಕೊಳ್ಳಿ. ವೆಂಡೀಸ್ 1969ರಲ್ಲಿ ಓಹಾಯೋದ ಕೊಲಂಬಸ್‌ನಲ್ಲಿ ಶುರುವಾಯಿತು. "ನಮ್ಮ ಬೀಫ್ ತಾಜಾ, ಫ್ರೋಜನ್ ಅಲ್ಲ" ಅನ್ನೋದೇ ಅವರ ದೊಡ್ಡ ಮಾತು. 1984ರ ಟಿವಿ ಜಾಹೀರಾತಿನಲ್ಲೇ ಒಬ್ಬ ಅಜ್ಜಿ ಎದುರಾಳಿಯ ದೊಡ್ಡ ಬನ್ ನೋಡಿ "ಬೀಫ್ ಎಲ್ಲಿ?" ಅಂತ ಗದರಿದ್ದಳು. ಕಾಲೆಳೆಯೋ ಚಾಳಿ ಟ್ವಿಟರ್‌ಗಿಂತ ಹಳೆಯದು.

ಈಗ ಒಂದೇ ಒಂದು ರಿಪ್ಲೈ ಆರಿಸಿ ನಿಧಾನವಾಗಿ ಓದಿ. 2017ರ ಜನವರಿಯಲ್ಲಿ ಒಬ್ಬ, ನಿಮ್ಮ ಬೀಫೂ ಫ್ರೋಜನ್ನೇ ಅಂತ ವಾದಕ್ಕಿಳಿದ. ಫ್ರೀಜ್ ಮಾಡದೆ ಬಿಸಿ ಟ್ರಕ್ಕಿನಲ್ಲಿ ತರುತ್ತೀರಾ ಅಂತ ಕೇಳಿದ. ಮಾತು ಮುಂದುವರಿದು ಮೆಕ್‌ಡೊನಾಲ್ಡ್ಸ್ ಹೆಸರು ಎಳೆದು ತಂದ. ವೆಂಡೀಸ್ ಕೊಟ್ಟ ಉತ್ತರದ ತಾತ್ಪರ್ಯ: ಫ್ರಿಜ್ ಅನ್ನೋದೊಂದಿದೆ ಅಂತ ನೀನು ಮರೆತರೆ, ಅವರನ್ನೇಕೆ ಇದಕ್ಕೆ ಎಳೀತೀಯಾ? ನಗು ಬಂತು ನಿಜ. ಆದರೆ ಆ ನಗುವಿನೊಳಗೆ "ತಾಜಾ, ಫ್ರೋಜನ್ ಅಲ್ಲ" ಅನ್ನೋ ಮಾತೂ ಮಾರಾಟವಾಯಿತು. ವೆಂಡೀಸ್ ಹೆಸರು ಅಳಿಸಿ ಬೇರೆ ಬರ್ಗರ್ ಅಂಗಡಿ ಹೆಸರು ಹಾಕಿ ನೋಡಿ, ಜೋಕ್ ಕೂರೋದಿಲ್ಲ. ಇಂಥದ್ದನ್ನು ಮಾತ್ರ ಬ್ರ್ಯಾಂಡಿನ 'ಶಕ್ತಿ' ಅಂತ ಎಣಿಸಿ.

ಚಿಕನ್ ನಗೆಟ್ಸ್ ಕಥೆ ಎಲ್ಲರೂ ತರುತ್ತಾರೆ. ಅದೇ ವರ್ಷದ ಏಪ್ರಿಲ್‌ನಲ್ಲಿ ಒಬ್ಬ ಹುಡುಗ, ವರ್ಷವಿಡೀ ಫ್ರೀ ನಗೆಟ್ಸ್‌ಗೆ ಎಷ್ಟು ರಿಟ್ವೀಟ್ ಬೇಕು ಅಂತ ಕೇಳಿದ. 1.8 ಕೋಟಿ ಅಂದರು. ಬಂದದ್ದು 34 ಲಕ್ಷಕ್ಕೂ ಹೆಚ್ಚು. ಆಗ ಅದೇ ದಾಖಲೆ, ಹುಡುಗನಿಗೆ ನಗೆಟ್ಸೂ ಸಿಕ್ಕಿತು. ನನ್ನ ಕೇಳಿದರೆ ಇದರಲ್ಲಿ ಪ್ಲಾನ್‌ಗಿಂತ ಅದೃಷ್ಟ ಜಾಸ್ತಿ. ಥಟ್ಟನೆ ಉತ್ತರ ಕೊಟ್ಟಿದ್ದಕ್ಕೆ ಅರ್ಧ ಅಂಕ ಕೊಡಿ, ಸಾಕು.

ದೌರ್ಬಲ್ಯ ಹುಡುಕೋಕೆ ಕೆಟ್ಟ ಸುದ್ದಿ ಬಂದ ದಿನಗಳಿಗೆ ಹೋಗಿ. 2024ರ ಫೆಬ್ರವರಿ ನೋಡಿ. ಡಿಜಿಟಲ್ ಮೆನು ಬೋರ್ಡ್ ಹಾಕಿ 'ಡೈನಾಮಿಕ್ ಪ್ರೈಸಿಂಗ್' (ಹೊತ್ತಿಗೆ ತಕ್ಕಂತೆ ಬೆಲೆ ಬದಲಿಸೋದು) ಪ್ರಯತ್ನಿಸುತ್ತೇವೆ ಅಂತ ವೆಂಡೀಸ್ ಸಿಇಒ ಹೂಡಿಕೆದಾರರಿಗೆ ಹೇಳಿದರು. ಮಳೆ ಬಂದಾಗ ಕ್ಯಾಬ್ ರೇಟ್ ಏರುತ್ತಲ್ಲ, ಬರ್ಗರಿಗೂ ಹಾಗೇ ಅಂತ ಜನ ಸಿಡಿದೆದ್ದರು. ಜನಸಂದಣಿ ಹೊತ್ತಲ್ಲಿ ಬೆಲೆ ಏರಿಸೋದಿಲ್ಲ ಅಂತ ಕಂಪನಿ ಸ್ಪಷ್ಟನೆ ಕೊಡಬೇಕಾಯಿತು. ದುಡ್ಡಿನ ವಿಷಯದಲ್ಲಿ ಸಿಟ್ಟಾದವರ ಮುಂದೆ ತರಲೆ ಮಾತು ಕೆಲಸಕ್ಕೆ ಬರೋದಿಲ್ಲ.

ಎರಡನೇದು, ಮಾತು ಊಟ ಬಿಟ್ಟು ಎಲ್ಲಿಗೆ ಹೋಗುತ್ತದೆ ನೋಡಿ. 2025ರ ಏಪ್ರಿಲ್‌ನಲ್ಲಿ ಗಾಯಕಿ ಕೇಟಿ ಪೆರ್ರಿ ಬಾಹ್ಯಾಕಾಶಕ್ಕೆ ಹೋಗಿ ಬಂದಾಗ, ಅವಳನ್ನು ಮತ್ತೆ ಅಲ್ಲಿಗೇ ಕಳಿಸಬಹುದಾ ಅಂತ ವೆಂಡೀಸ್ ಕುಟುಕಿತು. ಇದರಲ್ಲಿ ಬರ್ಗರ್ ಎಲ್ಲಿದೆ? ಸುಮ್ನೆ ಒಬ್ಬಳ ಮೇಲೆ ಕೊಂಕು, ಅಷ್ಟೇ. ಫ್ರಿಜ್ ಜೋಕಿನ ಪಕ್ಕ ಇಟ್ಟರೆ ವ್ಯತ್ಯಾಸ ತಾನೇ ಕಾಣುತ್ತದೆ.

ಮೂರನೇದು, ನಕ್ಕವರು ಮುಂದೆ ಏನು ಮಾಡಬೇಕು? 2018ರ ಡಿಸೆಂಬರ್‌ನಲ್ಲಿ ಬರ್ಗರ್ ಕಿಂಗ್, ಮೆಕ್‌ಡೊನಾಲ್ಡ್ಸ್‌ನಿಂದ 600 ಅಡಿಯೊಳಗೆ ನಿಂತು ಆ್ಯಪ್‌ನಲ್ಲಿ ಆರ್ಡರ್ ಮಾಡಿದರೆ ತನ್ನ ವೊಪ್ಪರ್ ಬರ್ಗರ್ ಒಂದು ಸೆಂಟ್‌ಗೆ ಅಂದಿತ್ತು. ಅದೂ ಕಾಲೆಳೆಯೋದೇ, ಆದರೆ ಗಿರಾಕಿಯನ್ನು ಸೀದಾ ಆ್ಯಪ್‌ಗೆ ಕರೆದೊಯ್ದಿತು. ವೆಂಡೀಸ್‌ನ ಎಷ್ಟೋ ರಿಪ್ಲೈಗಳಲ್ಲಿ ಈ ದಾರಿಯೇ ಇಲ್ಲ.

ಇಷ್ಟಾದ ಮೇಲೆ ಶೀಟ್ ಬರೆಯಿರಿ. ಒಂದೊಂದು ಪೋಸ್ಟಿನ ಎದುರು ತಾರೀಖು, ಜನ ಕೊಟ್ಟ ಉತ್ತರ, ಅದು ಏನನ್ನು ಮಾರಿತು ಅನ್ನೋದು. ಕೊನೇ ಕಾಲಮ್ ಖಾಲಿ ಉಳಿದರೆ ಖಾಲಿಯೇ ಬಿಡಿ, 'ಬ್ರ್ಯಾಂಡ್ ಅವೇರ್ನೆಸ್' (ಹೆಸರು ಜನಕ್ಕೆ ಗೊತ್ತಾಯಿತು) ಅಂತ ತುಂಬಿಸಬೇಡಿ. ನಮ್ಮ ದೋಸೆ ಹೋಟೆಲ್ ಕ್ಲೈಂಟ್ "ನಮಗೂ ಅಂಥ ಬೈಯೋ ರಿಪ್ಲೈ ಬೇಕು" ಅಂದಾಗ ನಾನು ತೋರಿಸಿದ್ದು ಆ ಖಾಲಿ ಕಾಲಮ್ಮನ್ನೇ.